ನೆಟ್‌ವರ್ಕ್ ಆರ್ಕಿಟೆಕ್ಟ್ ದಿನವಿಡೀ ಏನು ಮಾಡುತ್ತಾರೆ? ಕೇಬಲ್ ಎಳೆಸುವುದಾ, ಬರೀ ಮೀಟಿಂಗಾ?

ಉಡುಪಿಯಲ್ಲಿ ಬಿಸಿಎ ಕೊನೆಯ ವರ್ಷದಲ್ಲಿದ್ದೀರಿ, ಈ ಕೆಲಸಕ್ಕೆ ಬರಬೇಕೆಂದಿದ್ದೀರಿ ಎಂದು ಬರೆದಿದ್ದೀರಿ. ನಾನು ಮಂಗಳೂರಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ಆಸ್ಪತ್ರೆ, ಕಾಲೇಜು, ಸಹಕಾರ ಸಂಘಗಳಿಗೆ ನೆಟ್‌ವರ್ಕ್ ವಿನ್ಯಾಸ ಮಾಡಿಕೊಡುತ್ತೇವೆ. ಕೇಬಲ್ ಎಳೆಯುವ ಟೀಮ್ ಬೇರೆ ಇದೆ, ಲಿಂಕ್ ಡೌನ್ ಆಯಿತಾ ಎಂದು ಹಗಲೂ ರಾತ್ರಿ ನೋಡುವವರೂ ಬೇರೆ. ಏನು ಕೆಟ್ಟರೆ ಏನು ನಿಲ್ಲುತ್ತದೆ ಎಂದು ಮೊದಲೇ ಯೋಚಿಸಿ ಇಡುವುದು ನನ್ನ ಪಾಲಿನ ಕೆಲಸ.

ಬೆಳಿಗ್ಗೆ ಹಿಂದಿನ ದಿನದ ಗ್ರಾಫ್ ನೋಡುತ್ತೇನೆ. ಯಾವ ಲಿಂಕ್ ತುಂಬುತ್ತಾ ಬಂದಿದೆ, ಎಲ್ಲಿ ಪ್ಯಾಕೆಟ್ (ಡೇಟಾದ ತುಣುಕು) ಬಿದ್ದು ಹೋಗುತ್ತಿದೆ ಅಂತ. ಆಮೇಲೆ ಡ್ರಾಯಿಂಗ್, ಐಪಿ ಪ್ಲಾನ್ (ಯಾವ ಉಪಕರಣಕ್ಕೆ ಯಾವ ನೆಟ್‌ವರ್ಕ್ ವಿಳಾಸ ಎಂಬ ಯೋಜನೆ), ಕೊಟೇಶನ್, ಫೋನು. ಇದರಲ್ಲಿ ಐಪಿ ಪ್ಲಾನ್ ಅನ್ನು ಹೊಸಬರು ಹಗುರವಾಗಿ ತೆಗೆದುಕೊಳ್ಳುತ್ತಾರೆ. ಎರಡು ಸಂಸ್ಥೆಗಳು ಒಂದಾಗುತ್ತವೆ, ಎರಡೂ ಕಡೆ 192.168.1 ಸರಣಿಯೇ ಇರುತ್ತದೆ ಎಂದುಕೊಳ್ಳಿ. ಒಂದೇ ವಿಳಾಸ ಎರಡು ಕಂಪ್ಯೂಟರಿಗೆ! ಯಾವುದಾದರೂ ಒಂದು ಕಡೆಯ ಪ್ರಿಂಟರ್, ಕ್ಯಾಮೆರಾ, ಸರ್ವರ್ ಎಲ್ಲದರ ನಂಬರ್ ಬದಲಿಸಬೇಕು, ಇಲ್ಲವೇ ನಡುವೆ ನ್ಯಾಟ್ (ದಾರಿಯಲ್ಲಿ ವಿಳಾಸ ಬದಲಿಸಿ ಕಳಿಸುವ ವ್ಯವಸ್ಥೆ) ಹಾಕಿ ಕಾಲ ತಳ್ಳಬೇಕು. ಅದಕ್ಕೇ 10ರಿಂದ ಶುರುವಾಗುವ ದೊಡ್ಡ ಸರಣಿಯಲ್ಲಿ ಪ್ರತಿ ಬ್ರಾಂಚಿಗೂ ಒಂದೊಂದು ತುಂಡು ಮೊದಲೇ ಮೀಸಲಿಡುತ್ತೇವೆ. ಮುಂದೆ ತೆರೆಯಬಹುದಾದ ಬ್ರಾಂಚಿಗೂ ಜಾಗ ಬಿಟ್ಟಿರುತ್ತೇವೆ.

ನನಗೆ ತುಂಬಾ ಮುಖ್ಯ ಅನಿಸುವುದು ಎರಡನೇ ದಾರಿಯ ವಿಷಯ. "ನಮ್ಮಲ್ಲಿ ಎರಡು ಕಂಪನಿಯ ಲಿಂಕ್ ಇದೆ ಸಾರ್, ಒಂದು ಹೋದರೆ ಇನ್ನೊಂದು ಇರುತ್ತದೆ" ಎಂದು ಹೆಚ್ಚಿನವರು ಹೇಳುತ್ತಾರೆ. ನಾನು ಆ ಮಾತನ್ನು ಹಾಗೇ ನಂಬುವುದಿಲ್ಲ. ಲೈನ್‌ಮ್ಯಾನ್ ಜೊತೆ ಹೊರಟು, ರ‍್ಯಾಕಿನಿಂದ ಶುರು ಮಾಡಿ ಗೇಟಿನವರೆಗೆ, ಗೇಟಿನಿಂದ ರಸ್ತೆಯ ಚೇಂಬರ್‌ವರೆಗೆ ನಡೆದು ನೋಡುತ್ತೇನೆ. ಒಂದು ಕಟ್ಟಡದಲ್ಲಿ ಎರಡು ಕಂಪನಿಯ ಫೈಬರೂ ಕಾಂಪೌಂಡಿನ ಮೂಲೆಯಲ್ಲಿ ಒಂದೇ ಪಿವಿಸಿ ಪೈಪಿನೊಳಗೆ ಬರುತ್ತಿದ್ದವು. ಪಕ್ಕದಲ್ಲೇ ಚರಂಡಿ ಅಗಲ ಮಾಡಲು ಸುಣ್ಣದ ಗೆರೆ ಹಾಕಿದ್ದರು. ಜೆಸಿಬಿ ಒಮ್ಮೆ ಕೈ ಹಾಕಿದ್ದರೆ ಎರಡೂ ಒಟ್ಟಿಗೆ ಹೋಗುತ್ತಿದ್ದವು. ಒಂದನ್ನು ಹಿಂದಿನ ಗೇಟಿನಿಂದ ತರಿಸಿದೆವು. ಖರ್ಚು ಸ್ವಲ್ಪ ಜಾಸ್ತಿಯಾಯಿತು, ಆದರೆ ಈಗ ಆ ಎರಡನ್ನು ಎರಡು ಲಿಂಕ್ ಎಂದು ಕರೆಯಬಹುದು.

ಇದೇ ಪ್ರಶ್ನೆ ಊರಿನ ಹೊರಗೂ ಇದೆ. ನಮ್ಮ ಜಿಲ್ಲೆಯಿಂದ ಬೆಂಗಳೂರಿಗೆ ಹೋಗಬೇಕಾದರೆ ಘಾಟಿ ಹತ್ತಲೇಬೇಕಲ್ವಾ? ಫೈಬರ್ ಕೂಡ ಹೆಚ್ಚಾಗಿ ರಸ್ತೆಯ ಬದಿಯಲ್ಲೋ ರೈಲು ಹಳಿಯ ಬದಿಯಲ್ಲೋ ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಅದೇ ಮಳೆಗೆ ಸಂಪಾಜೆ ಮೇಲಿನ ಮಡಿಕೇರಿ ದಾರಿಯೂ ಬಂದ್. ಮ್ಯಾಪ್ ನೋಡಿದರೆ ಅವು ಎರಡು ಬೇರೆ ದಾರಿ, ಆದರೆ ಎರಡನ್ನೂ ಕೆಡವಿದ್ದು ಒಂದೇ ಮಳೆ. ಹಾಗಾಗಿ ನಿಲ್ಲಲೇಬಾರದ ಜಾಗಕ್ಕೆ, ಉದಾಹರಣೆಗೆ ಆಸ್ಪತ್ರೆಗೆ, ಒಂದು ಲಿಂಕ್ ಘಾಟಿ ಹತ್ತಲಿ, ಇನ್ನೊಂದು ಕರಾವಳಿಯುದ್ದಕ್ಕೇ ಕಾಸರಗೋಡು ಕಡೆಗೋ ಕಾರವಾರ ಕಡೆಗೋ ಹೋಗಲಿ ಎಂದು ಕೇಳುತ್ತೇನೆ. ಸರ್ವಿಸ್ ಕೊಡುವವರ ಹತ್ತಿರ ರೂಟ್ ಮ್ಯಾಪ್ ಕೇಳಿ ಪಡೆಯುವುದಕ್ಕೇ ಎಷ್ಟೋ ಸಲ ವಾರಗಟ್ಟಲೆ ಬೇಕು. ಬಿಡಬಾರದು.

ಪಿಂಗ್, ಅಂದರೆ ಒಂದು ಸಣ್ಣ ಸಂದೇಶ ಆ ಕಡೆಗೆ ಹೋಗಿ ಬರಲು ಹಿಡಿಯುವ ಸಮಯ, ಕೂಡ ದಾರಿಯ ಗುಟ್ಟು ಹೇಳುತ್ತದೆ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರು ಸುಮಾರು 350 ಕಿಲೋಮೀಟರ್ ಅಂದರೆ ಹೋಗಿ ಬರಲು ಮೂರೂವರೆ ಮಿಲಿಸೆಕೆಂಡ್. ಉಪಕರಣಗಳ ಸಮಯ, ಕೇಬಲ್ ಬಳಸಿ ಹೋಗುವ ದೂರ ಎಲ್ಲ ಸೇರಿ ನಿಜವಾದ ಪಿಂಗ್ ಇದಕ್ಕಿಂತ ಜಾಸ್ತಿಯೇ ಇರುತ್ತದೆ, ಆದರೆ ದಿನವೂ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಅದು ಒಮ್ಮೆಲೇ ಎರಡು ಪಟ್ಟಾಗಿ ಅಲ್ಲೇ ನಿಂತರೆ, ಲಿಂಕ್ ಡೌನ್ ಆಗದಿದ್ದರೂ, ಎಲ್ಲೋ ಕೇಬಲ್ ಕಡಿದು ಟ್ರಾಫಿಕ್ ಸುತ್ತಿ ಬಳಸಿ ಹೋಗುತ್ತಿರಬಹುದು ಎಂದು ಅನುಮಾನ ಪಡುತ್ತೇನೆ.

ನಮ್ಮೂರಿನ ಹವೆಯೂ ಡ್ರಾಯಿಂಗಿನಲ್ಲಿ ಬರಬೇಕು. ಮಳೆಗಾಲಕ್ಕೆ ಮೊದಲು ಬರುವ ಸಿಡಿಲಿಗೆ, ಎರಡು ಕಟ್ಟಡಗಳ ನಡುವೆ ತಾಮ್ರದ ಕೇಬಲ್ ಎಳೆದಿದ್ದರೆ ಎರಡೂ ಕಡೆಯ ಸ್ವಿಚ್ ಸುಡಬಹುದು. ದೂರ ತಾಮ್ರದ ಕೇಬಲ್ಲಿನ ಮಿತಿಯಾದ 100 ಮೀಟರ್ ಒಳಗಿದ್ದರೂ ಅಲ್ಲಿ ನಾನು ಫೈಬರನ್ನೇ ಬರೆಯುತ್ತೇನೆ, ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಳೇ ಮುರಕಲ್ಲಿನ ದಪ್ಪ ಗೋಡೆಗಳ ಕಟ್ಟಡದಲ್ಲಿ 5 ಗಿಗಾಹರ್ಟ್ಸ್ ವೈಫೈ ಪಕ್ಕದ ರೂಮಿಗೇ ಸೊರಗಿ ಹೋಗುತ್ತದೆ. ಆಫೀಸಿನಲ್ಲಿ ಕೂತು ಲೆಕ್ಕ ಹಾಕಿದರೆ ಸಾಲದು, ಆಕ್ಸೆಸ್ ಪಾಯಿಂಟ್ ಹಿಡಿದುಕೊಂಡು ಹೋಗಿ ಅಳೆಯಬೇಕು.

ಮೀಟಿಂಗ್ ಇದೆಯಾ ಎಂದರೆ, ಇದೆ. ಹೆಚ್ಚಿನವು ದುಡ್ಡಿನ ಬಗ್ಗೆ. "ಒಂದು ನಿಮಿಷವೂ ನಿಲ್ಲಬಾರದು" ಎನ್ನುವವರಿಗೆ 99.9 ಶೇಕಡಾ ಎಂದರೂ ವರ್ಷಕ್ಕೆ ಸುಮಾರು ಎಂಟೂಮುಕ್ಕಾಲು ಗಂಟೆ ನಿಲ್ಲಬಹುದು ಎಂದು ಬಿಡಿಸಿ ಹೇಳುತ್ತೇನೆ. 99.99 ಬೇಕಾದರೆ ಅದು 53 ನಿಮಿಷಕ್ಕೆ ಇಳಿಯುತ್ತದೆ, ಖರ್ಚು ಏರುತ್ತದೆ. ಆಗ ಯಾವುದು ನಿಜಕ್ಕೂ ನಿಲ್ಲಬಾರದು ಎಂದು ಅವರೇ ಯೋಚಿಸಲು ಶುರು ಮಾಡುತ್ತಾರೆ. ರಾತ್ರಿ ಕೆಲಸವೂ ಇದೆ. ದೊಡ್ಡ ಬದಲಾವಣೆಗಳನ್ನು ಜನ ಮಲಗಿದ ಮೇಲೆ ಮಾಡುತ್ತೇವೆ, ಕೆಟ್ಟರೆ ಹಳೇ ಸ್ಥಿತಿಗೆ ಮರಳುವುದು ಹೇಗೆ ಎಂದು ಬರೆದಿಟ್ಟುಕೊಳ್ಳದೆ ಶುರು ಮಾಡುವುದಿಲ್ಲ.

ನೀವು ಕಾಲೇಜು ಮುಗಿಸಿದ ತಕ್ಷಣ ಆರ್ಕಿಟೆಕ್ಟ್ ಹುದ್ದೆ ಸಿಗುವುದು ಕಷ್ಟ. ಮೊದಲು ಕೆಲವು ವರ್ಷ ಫೀಲ್ಡಿನಲ್ಲಿ ಅಥವಾ ನೆಟ್‌ವರ್ಕ್ ಸಪೋರ್ಟಿನಲ್ಲಿ ಇರಿ. ಈಗಲೇ ಕಂಪ್ಯೂಟರಿನಲ್ಲೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಇಳಿಸಿಕೊಳ್ಳಿ, ದುಡ್ಡು ಕೊಡಬೇಕಾಗಿಲ್ಲ. ಮೂರು ರೌಟರ್ ತ್ರಿಕೋನದ ಹಾಗೆ ಜೋಡಿಸಿ, ಓಎಸ್‌ಪಿಎಫ್ (ರೌಟರ್‌ಗಳು ತಾವೇ ದಾರಿ ಹುಡುಕಿಕೊಳ್ಳುವ ಪದ್ಧತಿ) ಹಾಕಿ, ನಡುವಿನ ಒಂದು ಕೇಬಲ್ ಅಳಿಸಿ ನೋಡಿ. ಪಿಂಗ್ ಎಷ್ಟು ಹೊತ್ತಿಗೆ ವಾಪಸ್ ಬಂತು, ಯಾವ ದಾರಿಯಲ್ಲಿ ಬಂತು, ಯಾಕೆ ಅಂತ ಬರೆದುಕೊಳ್ಳಿ. ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಇಲ್ಲೇ ಕೇಳಿ, ಉತ್ತರಿಸುತ್ತೇನೆ.