ನಾನೇ ಕಂಪೈಲ್ ಮಾಡಿದ ಕರ್ನಲ್‌ಗೆ ಇನಿಟ್‌ಆರ್‌ಡಿ ಬೇಕೇ ಬೇಕಾ?

ಡೆಬಿಯನ್ ಲಿನಕ್ಸ್ ಲ್ಯಾಪ್‌ಟಾಪಿಗೆ ನೀವೇ ಕರ್ನಲ್ (ಲಿನಕ್ಸ್‌ನ ತಿರುಳು) ಕಂಪೈಲ್ ಮಾಡಿದ್ದೀರಿ, ಇನಿಟ್‌ಆರ್‌ಡಿ ಬಿಟ್ಟರೆ ಬೂಟ್ ಬೇಗ ಆಗುತ್ತಾ ಅಂತ ಕೇಳಿದ್ದೀರಿ. ಬೂಟ್ ಆಗುವಾಗ ಮುಖ್ಯ ಡಿಸ್ಕ್ ಸಿಗುವವರೆಗೆ ಕರ್ನಲ್ ಮೆಮೊರಿಯಲ್ಲಿ ಬಳಸುವ ಪುಟ್ಟ ತಾತ್ಕಾಲಿಕ ಫೈಲ್‌ಸಿಸ್ಟಮ್ಮೇ ಇನಿಟ್‌ಆರ್‌ಡಿ. ಬಿಡಬಹುದು. ಆದರೆ ನಿಮ್ಮ ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಡಿಸ್ಕಿನ ಭಾಗ) ಲಕ್ಸ್ (ಡಿಸ್ಕಿಗೆ ಗೂಢಲಿಪಿಯ ಬೀಗ) ಅಥವಾ ಎಲ್‌ವಿಎಂ (ಡಿಸ್ಕಿನ ಜಾಗವನ್ನು ಬೇಕಾದಂತೆ ಹಂಚುವ ವ್ಯವಸ್ಥೆ) ಮೇಲಿದ್ದರೆ ಆ ಆಸೆ ಬಿಡಿ. ಲಕ್ಸ್‌ಗೆ ಪಾಸ್‌ವರ್ಡ್ ಕೇಳಿ ಡಿಸ್ಕ್ ತೆರೆಯುವ, ಎಲ್‌ವಿಎಂ ಭಾಗಗಳನ್ನು ಜೋಡಿಸುವ ಪ್ರೋಗ್ರಾಂಗಳು ಇರುವುದೇ ಇನಿಟ್‌ಆರ್‌ಡಿಯಲ್ಲಿ.

ಸಾದಾ ಇಎಕ್ಸ್‌ಟಿ4 (ಲಿನಕ್ಸ್‌ನ ಸಾಮಾನ್ಯ ಫೈಲ್‌ಸಿಸ್ಟಮ್) ಆಗಿದ್ದರೆ ದಾರಿ ಇದೆ. ರೂಟ್ ಮೌಂಟ್ ಮಾಡಲು, ಅಂದರೆ ತೆರೆದು ಬಳಕೆಗೆ ತರಲು, ಕರ್ನಲ್‌ಗೆ ಡಿಸ್ಕಿನ ಡ್ರೈವರೂ ಫೈಲ್‌ಸಿಸ್ಟಮ್ ಡ್ರೈವರೂ ಬೇಕು. ಅವು ಮಾಡ್ಯೂಲ್ (ಕರ್ನಲ್‌ನಿಂದ ಹೊರಗಿರುವ ಬೇರೆ ಫೈಲ್) ಆಗಿದ್ದರೆ ಕೂತಿರುವುದು ಅದೇ ಡಿಸ್ಕಿನಲ್ಲಿ. ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟ ಹಾಗೆ. ಡಿಸ್ಟ್ರೋದವರಿಗೆ (ಡೆಬಿಯನ್‌ನಂಥ ಲಿನಕ್ಸ್ ಹಂಚುವವರಿಗೆ) ಯಾರ ಮನೆಯಲ್ಲಿ ಯಾವ ಡಿಸ್ಕ್ ಇದೆ ಗೊತ್ತಿರುವುದಿಲ್ಲ, ಅದಕ್ಕೇ ಎಲ್ಲವನ್ನೂ ಇನಿಟ್‌ಆರ್‌ಡಿಗೆ ತುಂಬಿ ಕೊಡುತ್ತಾರೆ. ನಿಮಗೆ ನಿಮ್ಮ ಡಿಸ್ಕ್ ಗೊತ್ತು. ಎನ್‌ವಿಎಂಇ (ಎಸ್‌ಎಸ್‌ಡಿ ಡಿಸ್ಕಿನ ಡ್ರೈವರ್) ಮತ್ತು ಇಎಕ್ಸ್‌ಟಿ4 ಎರಡಕ್ಕೂ ಕರ್ನಲ್ ಕಾನ್ಫಿಗ್‌ನಲ್ಲಿ ಎಂ (ಮಾಡ್ಯೂಲ್) ಬದಲು ವೈ (ಕರ್ನಲ್ ಒಳಗೇ) ಕೊಡಿ.

ಜಾಸ್ತಿ ಜನ ಎಡವುವುದು ಇದರ ನಂತರ. ಕರ್ನಲ್ಲನ್ನು ಶುರು ಮಾಡುವ ಗ್ರಬ್ ಎಂಬ ಬೂಟ್‌ಲೋಡರ್‌ನಲ್ಲಿ ರೂಟ್ ಮುಂದೆ ಯುಯುಐಡಿ ಬರೆದಿರುತ್ತದೆ. ಅದು ಫೈಲ್‌ಸಿಸ್ಟಮ್‌ನ ಗುರುತು. ಅದನ್ನು ಹುಡುಕಿಕೊಡುವುದು ಇನಿಟ್‌ಆರ್‌ಡಿಯ ಕೆಲಸ, ಬರೀ ಕರ್ನಲ್‌ಗೆ ಅದು ಅರ್ಥವಾಗುವುದಿಲ್ಲ. 'ರೂಟ್ ಮೌಂಟ್ ಮಾಡಲಾಗಲಿಲ್ಲ' ಅಂತ ಪ್ಯಾನಿಕ್ ಆಗಿ ನಿಂತುಬಿಡುತ್ತದೆ. ಬದಲಿಗೆ ಪಾರ್ಟ್‌ಯುಯುಐಡಿ, ಅಂದರೆ ಪಾರ್ಟಿಷನ್‌ನ ಗುರುತು, ಕೊಡಿ. ಬಿಎಲ್‌ಕೆಐಡಿ ಕಮಾಂಡ್ ಎರಡನ್ನೂ ತೋರಿಸುತ್ತದೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕೆಂಬ ಪಟ್ಟಿಯ ಫೈಲಿನಲ್ಲಿ) ಹಳೆಯ ಯುಯುಐಡಿಯೇ ಇರಲಿ, ತೊಂದರೆ ಇಲ್ಲ.

ಇನ್ನೊಂದು, ಪ್ರೊಸೆಸರ್‌ನ ಮೈಕ್ರೋಕೋಡ್ (ಅದರ ಒಳಗಿನ ದೋಷ ಸರಿಪಡಿಸುವ ಕೋಡ್) ಅಪ್‌ಡೇಟ್ ಕೂಡ ಸಾಮಾನ್ಯವಾಗಿ ಇನಿಟ್‌ಆರ್‌ಡಿಯ ಜೊತೆಗೇ ಬರುತ್ತದೆ. ಅದನ್ನು ತೆಗೆದರೆ ಇದೂ ಸದ್ದಿಲ್ಲದೆ ನಿಂತುಹೋಗುತ್ತದೆ, ಎರರ್ ಏನೂ ಕಾಣುವುದಿಲ್ಲ. ಮೈಕ್ರೋಕೋಡ್ ಫೈಲನ್ನು ಕರ್ನಲ್ ಒಳಗೇ ಸೇರಿಸಿ ಕಂಪೈಲ್ ಮಾಡಬೇಕು. ಗ್ರಾಫಿಕ್ಸ್ ಡ್ರೈವರ್ ಮಾತ್ರ ಮಾಡ್ಯೂಲ್ ಆಗಿಯೇ ಇರಲಿ. ವೈ ಕೊಟ್ಟರೆ ರೂಟ್ ಸಿಗುವ ಮೊದಲೇ ತನ್ನ ಫರ್ಮ್‌ವೇರ್ ಫೈಲ್ ಕೇಳಿ ರಗಳೆ ಮಾಡುತ್ತದೆ.

ಇಷ್ಟೆಲ್ಲಾ ಮಾಡಿ ಉಳಿಯುವ ಸಮಯ ಎಷ್ಟು? ಮೊದಲು ಬೂಟ್ ಸಮಯದ ಲೆಕ್ಕ ಕೊಡುವ ಸಿಸ್ಟಮ್‌ಡಿ-ಅನಲೈಜ್ ಕಮಾಂಡ್ ಓಡಿಸಿ ನೋಡಿ. ಫೆಡೋರಾದಲ್ಲಿ ಇನಿಟ್‌ಆರ್‌ಡಿಯ ಸಮಯ ಬೇರೆಯಾಗಿ ಕಾಣುತ್ತದೆ. ನಿಮ್ಮ ಡೆಬಿಯನ್‌ನಲ್ಲಿ ಇನಿಟ್‌ಆರ್‌ಡಿ ತಯಾರಿಸಲು ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್ ಇದ್ದರೆ ಅದು ಕರ್ನಲ್ ಲೆಕ್ಕದಲ್ಲೇ ಸೇರಿಹೋಗಿರುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ನಿಜವಾಗಿ ತಡ ಮಾಡುವುದು ಲ್ಯಾಪ್‌ಟಾಪಿನದೇ ಫರ್ಮ್‌ವೇರ್ (ಬಯೋಸ್/ಯುಇಎಫ್‌ಐ), ಇಲ್ಲವೇ ನೆಟ್‌ವರ್ಕಿಗೆ ಕಾಯುವ ಯಾವುದೋ ಸರ್ವಿಸ್.

ನಾನಾದರೆ ಇನಿಟ್‌ಆರ್‌ಡಿಯನ್ನು ತೆಗೆಯುವುದಿಲ್ಲ, ಸಣ್ಣದು ಮಾಡುತ್ತೇನೆ. ಇನಿಟ್‌ರಾಮ್‌ಎಫ್‌ಎಸ್ ಕಾನ್ಫಿಗ್ ಫೈಲಿನಲ್ಲಿ ಮಾಡ್ಯೂಲ್ಸ್ ಮುಂದೆ 'ಮೋಸ್ಟ್' ಅಂತಿದ್ದರೆ 'ಡೆಪ್' ಮಾಡಿ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ ಓಡಿಸಿ. ಈ ಯಂತ್ರಕ್ಕೆ ಬೇಕಾದ ಡ್ರೈವರ್‌ಗಳಷ್ಟೇ ಉಳಿಯುತ್ತವೆ. ನಾಳೆ ಡಿಸ್ಕ್ ಕಿತ್ತು ಬೇರೆ ಲ್ಯಾಪ್‌ಟಾಪಿಗೆ ಹಾಕಿದರೆ ಬೂಟ್ ಆಗದೆ ಇರಬಹುದು, ಅಷ್ಟೇ.

ಸುಮ್ನೆ ಕಲಿಯೋಕೆ ಮಾಡ್ತೀರಾ? ಹಾಗಾದರೆ ಧಾರಾಳವಾಗಿ ತೆಗೆದು ನೋಡಿ. ಡಿಸ್ಟ್ರೋ ಕೊಟ್ಟ ಕರ್ನಲ್ಲನ್ನೂ ಅದರ ಇನಿಟ್‌ಆರ್‌ಡಿಯನ್ನೂ ಗ್ರಬ್ ಮೆನುವಿನಲ್ಲಿ ಹಾಗೇ ಉಳಿಸಿಕೊಳ್ಳಿ.