ಒಣಗದ ಗಾಯ, ನಿದ್ದೆ ಇಲ್ಲದ ರಾತ್ರಿ

(ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.)

ಬ್ರಹ್ಮಾವರ ಕಡೆಯ ಗೃಹಿಣಿ, ಐವತ್ತರ ಹತ್ತಿರದ ವಯಸ್ಸು. ಮೆಟ್ಟುಕತ್ತಿಯಲ್ಲಿ ಹಲಸಿನಕಾಯಿ ಕೊಯ್ಯುವಾಗ ಅಂಗೈಗೆ ತಾಗಿತ್ತು. ಸಣ್ಣ ಗಾಯ, ಆದರೆ ತಿಂಗಳಾದರೂ ಒಣಗಲಿಲ್ಲ. ಜೊತೆಗೆ ಎದೆಯುರಿ, ಕುತ್ತಿಗೆ ನೋವು. ಶುಗರ್, ರಕ್ತ ಪರೀಕ್ಷೆ ಎಲ್ಲ ಸರಿ ಇತ್ತು, ಬಿಪಿ ಮಾತ್ರ ಜಾಸ್ತಿ. ಮನಸ್ಸಿನ ಒತ್ತಡ ಇರಬಹುದೇ ನೋಡಿ ಎಂದು ಡಾಕ್ಟರೇ ಆಪ್ತಸಲಹೆಗೆ ನನ್ನ ಹತ್ತಿರ ಕಳಿಸಿದರು.

"ನನಗೆಂತ ಟೆನ್ಶನ್ ಇಲ್ಲ ಮೇಡಂ, ಇದೊಂದು ಒಣಗಿದ್ರೆ ಸಾಕು" ಎಂದರು. ರಾತ್ರಿ ನಿದ್ದೆ ಹೇಗೆ ಎಂದು ಕೇಳಿದೆ. ಆಗ ಮನೆಯ ವಿಷಯ ಹೊರಬಂತು. ಅತ್ತೆಗೆ ಮರೆವಿನ ಕಾಯಿಲೆ, ಡಿಮೆನ್ಶಿಯಾ. ನಡುರಾತ್ರಿ ಎದ್ದು, ಸೀರೆಗಳನ್ನು ಗಂಟು ಕಟ್ಟಿಕೊಂಡು, ತವರಿಗೆ ಹೋಗ್ತೇನೆ ಎಂದು ಚಿಲಕ ತೆಗೆಯುತ್ತಾರೆ. ಹಾಗಾಗಿ ಇವರು ಬಾಗಿಲಿಗೆ ಅಡ್ಡ ಚಾಪೆ ಹಾಸಿ ಮಲಗುತ್ತಾರೆ. ಗಂಡ ಕುವೈತ್‌ನಲ್ಲಿ. ನಾದಿನಿ ಮಣಿಪಾಲದಲ್ಲೇ ಇದ್ದರೂ "ಅತ್ತಿಗೆ ಇದ್ದಾರಲ್ಲ" ಎಂದು ನಿಶ್ಚಿಂತೆ.

ಅವರಿಗೆ ಒಂದು ಅಧ್ಯಯನದ ಬಗ್ಗೆ ಹೇಳಿದೆ. ಅಮೆರಿಕದ ಓಹಿಯೋದಲ್ಲಿ ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1995ರಲ್ಲಿ ಪ್ರಕಟಿಸಿದ್ದು. ಡಿಮೆನ್ಶಿಯಾ ಇರುವವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅಂಥ ಹೊರೆ ಇಲ್ಲದ 13 ಹೆಂಗಸರು. ಎಲ್ಲರ ತೋಳಿನಲ್ಲೂ 3.5 ಮಿಲಿಮೀಟರಿನ ಒಂದೇ ಅಳತೆಯ ಗಾಯ ಮಾಡಿ ನೋಡಿದರು. ಆರೈಕೆ ಮಾಡುವವರ ಗಾಯ ಮಾಗಲು ಸರಾಸರಿ ಒಂಬತ್ತು ದಿನ ಹೆಚ್ಚು ಬೇಕಾಯಿತು. ಒತ್ತಡ ಬಿಡದೆ ಇದ್ದಾಗ ಕಾರ್ಟಿಸೋಲ್‌ನಂಥ ಹಾರ್ಮೋನುಗಳು ಗಾಯ ರಿಪೇರಿ ಮಾಡುವ ಜೀವಕೋಶಗಳ ಕೆಲಸವನ್ನು ನಿಧಾನ ಮಾಡುತ್ತವೆ. "ಹಾಗಾದ್ರೆ ಇದು ನನ್ನ ಭ್ರಮೆ ಅಲ್ಲ ಅಲ್ವಾ?" ಎಂದು ಕೇಳಿದರು. ಖಂಡಿತ ಅಲ್ಲ.

ಇವರ ಗಾಯಕ್ಕೆ ಒತ್ತಡ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಅತ್ತೆಯ ಬಟ್ಟೆ, ಹಾಸಿಗೆ ತೊಳೆಯುತ್ತಾ ಕೈ ದಿನವಿಡೀ ನೀರಿನಲ್ಲೇ ಇರುತ್ತಿತ್ತು. ಅದಕ್ಕೂ ಕಾರಣ ಮನೆಯಲ್ಲಿ ಇನ್ನೊಂದು ಕೈ ಇಲ್ಲದಿರುವುದೇ. ಇಂಥವರಿಗೆ "ಟೆನ್ಶನ್ ಮಾಡ್ಬೇಡಿ" ಎಂದು ಹೇಳಿ ಕಳಿಸುವುದು ನನಗೆ ಒಪ್ಪಿಗೆ ಇಲ್ಲ. ಹೊರೆ ಹಾಗೇ ಇಟ್ಟು ನೆಮ್ಮದಿ ತಂದುಕೋ ಎಂದರೆ ಎಲ್ಲಿಂದ ತರುವುದು?

ಹಾಗಾಗಿ ಮೊದಲು ನಿದ್ದೆಯ ವಿಷಯ ಹಿಡಿದೆವು. ವಾರಕ್ಕೆ ಎರಡು ರಾತ್ರಿ ನಾದಿನಿ ಬಂದು ಮಲಗಬೇಕು. ಇದನ್ನು ಗಂಡನೇ ತಂಗಿಗೆ ಫೋನ್ ಮಾಡಿ ಹೇಳಬೇಕು, ಸೊಸೆ ಕೇಳಿದರೆ ದೂರು ಹೇಳಿದ ಹಾಗಾಗುತ್ತದೆ. ಬಟ್ಟೆ ಒಗೆಯಲು ಜನ ಇಡಬೇಕು. ಅತ್ತೆ ತವರಿಗೆ ಹೊರಟಾಗ "ಈಗ ಅಲ್ಲಿ ಯಾರಿದ್ದಾರೆ?" ಎಂದು ವಾದಿಸುವುದು ಬೇಡ, "ನಿಮ್ಮ ಅಮ್ಮ ಎಂತ ಅಡುಗೆ ಮಾಡ್ತಿದ್ರು?" ಎಂದು ಮಾತಿಗೆಳೆಯಿರಿ ಎಂದೆ. ತೀರಾ ಸಾಕಾಯಿತು ಅನ್ನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, ನಂಬರ್ 14416, ಹಗಲು ರಾತ್ರಿ ಉಚಿತ.

ನಾದಿನಿ ಸದ್ಯಕ್ಕೆ ಶನಿವಾರ ಮಾತ್ರ ಬರುತ್ತಿದ್ದಾರೆ. ಗಾಯ ಒಣಗಿದೆ, ಎದೆಯುರಿ ಕಡಿಮೆ. ಬಿಪಿ ಇನ್ನೂ ಪೂರ್ತಿ ಇಳಿದಿಲ್ಲ, ಡಾಕ್ಟರನ್ನು ಕೇಳದೆ ಮಾತ್ರೆ ಬಿಡಬೇಡಿ ಎಂದಿದ್ದೇನೆ. ಎರಡನೇ ರಾತ್ರಿಯ ಬಗ್ಗೆ ಮಾತಾಡಲು ಮುಂದಿನ ಸಲ ನಾದಿನಿಯನ್ನೂ ಬರಹೇಳಿದ್ದೇನೆ.