ಒಂದು ಜಲಪಾತ ಬಿಟ್ಟರೂ ಸರಿ, ಆ ಮರ ಬಿಡಬೇಡಿ

ನಿಮ್ಮ ಪತ್ರ ಓದಿದೆ. ಡಿಸೆಂಬರ್ ರಜೆಗೆ ಮಕ್ಕಳ ಜೊತೆ ಆಸ್ಟ್ರೇಲಿಯಾದ ಕೇರ್ನ್ಸ್‌ಗೆ ಹೋಗುತ್ತಿದ್ದೀರಿ. ಒಂದೇ ದಿನದಲ್ಲಿ ಆಥರ್ಟನ್ ಪ್ರಸ್ಥಭೂಮಿಯ ಜಲಪಾತಗಳನ್ನೆಲ್ಲ ಮುಗಿಸಬೇಕು, ಟೈಮ್ ಉಳಿದರೆ ದೊಡ್ಡ ಮರಗಳು, ‘ಮರ ಮರವೇ ಅಲ್ವಾ’ ಎಂದಿದ್ದೀರಿ. ಆ ಕೊನೆಯ ಮಾತು ಓದಿಯೇ ಇಷ್ಟುದ್ದ ಬರೆಯಲು ಕೂತೆ.

ಜಲಪಾತಕ್ಕೆ ಇಡೀ ದಿನ ಬೇಕಿಲ್ಲ. ಮಿಲ್ಲಾ ಮಿಲ್ಲಾ ಊರಿನ ಹತ್ತಿರ ಸುಮಾರು 17 ಕಿಲೋಮೀಟರಿನ ಸುತ್ತುದಾರಿಯಲ್ಲೇ ಮಿಲ್ಲಾ ಮಿಲ್ಲಾ, ಝಿಲ್ಲಿ, ಎಲಿಂಜಾ ಮೂರೂ ಸಿಗುತ್ತವೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಅಲ್ಲಿ ಮಳೆಗಾಲ, ನೀರು ತುಂಬಿ ಬೀಳುತ್ತಿರುತ್ತದೆ. ಆದರೆ ನೀವು ನಿಂತ ಕಡೆ ಬಿಸಿಲಿದ್ದರೂ ಮೇಲೆಲ್ಲೋ ಸುರಿದ ಮಳೆಗೆ ಹೊಳೆ ಏರಬಹುದು. ನೀರಿನ ಬಣ್ಣ ಕೆಂಪಾದರೆ ಮಕ್ಕಳನ್ನು ಇಳಿಸಲೇಬೇಡಿ.

ಈಗ ಮರ. ಯಂಗಬರ್ರಾ ಊರಿನ ಪಕ್ಕದ ಕಾಡಿನಲ್ಲಿ ‘ಕರ್ಟನ್ ಫಿಗ್’ ಇದೆ. ನಾವು ಬಸರಿ ಅನ್ನುತ್ತೇವಲ್ಲ, ಅದೇ ಜಾತಿ. ಹಕ್ಕಿಯೊಂದು ಬೇರೆ ಮರದ ನೆತ್ತಿಯ ಮೇಲೆ ಬೀಜ ಹಾಕಿತು, ಅದು ಬೇರು ಇಳಿಸಿತು, ಆಶ್ರಯ ಕೊಟ್ಟ ಮರವನ್ನೇ ಬಿಗಿದು ಹಿಡಿಯಿತು. ಆ ಮರ ವಾಲಿ ಪಕ್ಕದ ಮರಕ್ಕೆ ಒರಗಿದಾಗ, ಓರೆಯಾದ ಕಾಂಡದಿಂದ ಬಿಳಲುಗಳು ಸಾಲಾಗಿ 15 ಮೀಟರ್ ಕೆಳಗಿಳಿದು ನೆಲ ಮುಟ್ಟಿದವು. ಒಳಗಿನ ಮರಗಳು ಕೊಳೆತು ಹೋದವು, ಬಸರಿ ಮಾತ್ರ ಪರದೆ ಇಳಿಬಿಟ್ಟ ಹಾಗೆ ನಿಂತಿದೆ. ಫೋಟೋದಲ್ಲಿ ಇದು ಹಿಡಿಯುವುದಿಲ್ಲ. ಬೇರು ತುಳಿಯಬಾರದು ಎಂದು ಸುತ್ತ ಮರದ ಹಲಗೆಯ ದಾರಿ ಮಾಡಿದ್ದಾರೆ, ಅದರ ಮೇಲೆ ನಿಧಾನ ಒಂದು ಸುತ್ತು ಬನ್ನಿ, ಆಮೇಲೆ ಸುಮ್ನೆ ನಿಲ್ಲಿ.

ಆ ಕಾಡಿನ ಹೆಸರು ಮಾಬಿ. ಅಲ್ಲಿಯ ಮೂಲನಿವಾಸಿಗಳ ಮಾತಿನಲ್ಲಿ ಮಾಬಿ ಅಂದರೆ ಮರದ ಮೇಲೆ ಬದುಕುವ ಒಂದು ಕಾಂಗರೂ. ಹಿಂದೆ ಜ್ವಾಲಾಮುಖಿ ಉಕ್ಕಿಸಿದ ಲಾವಾ ಗಟ್ಟಿಯಾಗಿ ಆದ ಕಲ್ಲಿನ ಮೇಲಿಂದಲೇ ಮಿಲ್ಲಾ ಮಿಲ್ಲಾ ಧುಮುಕುತ್ತದೆ, ಅಂಥದೇ ಕಲ್ಲು ಸವೆದು ಆದ ಕೆಮ್ಮಣ್ಣಿನಲ್ಲಿ ಈ ಕಾಡು ಬೆಳೆಯಿತು. ಮಣ್ಣು ಅಷ್ಟು ಚೆನ್ನಾಗಿದ್ದದ್ದೇ ಕಾಡಿಗೆ ಮುಳುವಾಯಿತು, ಹೊಲಕ್ಕೂ ಹುಲ್ಲುಗಾವಲಿಗೂ ಕಡಿದರು. ಉಳಿದದ್ದು ಚೂರು ಚೂರು. ನೀವು ಜಲಪಾತದಿಂದ ಜಲಪಾತಕ್ಕೆ ಹೋಗುವಾಗ ಕಾಣುವ ಹಸಿರು ಗುಡ್ಡಗಳಲ್ಲಿ ಜಾಸ್ತಿ ಪಾಲು ಹೀಗೆ ಬೋಳಾದ ಕಾಡು. ಇದು ನನಗೆ ಇವತ್ತಿಗೂ ಸಂಕಟ ಕೊಡುತ್ತದೆ.

ಇನ್ನೊಂದು ಎಚ್ಚರಿಕೆ. ದಾರಿ ಬಿಟ್ಟು ಒಳಗೆ ಹೋಗಬೇಡಿ. ಜಿಂಪಿ-ಜಿಂಪಿ ಎಂಬ ಗಿಡದ ಹೃದಯದಾಕಾರದ ಎಲೆ ತಾಗಿದರೆ ಉರಿ ತಿಂಗಳುಗಟ್ಟಲೆ ಮರುಕಳಿಸಬಹುದು.

ಬೆಳಗ್ಗೆ ಬೇಗ ಕೇರ್ನ್ಸ್ ಬಿಡಿ. ದಾರಿಯಲ್ಲೇ ಬ್ಯಾರಿನ್ ಕೆರೆಯ ದಡದ ಜೋಡಿ ಕೌರಿ ಮರಗಳನ್ನು ನೋಡಿ, ಆಮೇಲೆ ಬಸರಿ, ಮಧ್ಯಾಹ್ನ ಮಿಲ್ಲಾ ಮಿಲ್ಲಾ. ಅಷ್ಟರಲ್ಲಿ ಸಂಜೆಯಾದರೆ ಝಿಲ್ಲಿ ಬಿಟ್ಟುಬಿಡಿ.